ಗೇಮ್‌ಗೆ ದನಿ ಕೊಟ್ಟವರು ದುಡಿದ ಹಣ ಕೈಗೆ ತಂದುಕೊಳ್ಳುವ ಬಗೆ

ಬೆಳಗಾವಿಯ ವಡಗಾವಿಯಲ್ಲಿ ನಮ್ಮ ಮನೆಯ ಹಿಂಗೋಡೆಗೆ ಹತ್ತಿಕೊಂಡೇ ವಿದ್ಯುತ್ ಮಗ್ಗಗಳಿವೆ. ಅವುಗಳ ಖಟಖಟ ನಿಲ್ಲುವುದು ರಾತ್ರಿ ಹತ್ತರ ಮೇಲೆ, ಆದ್ದರಿಂದ ನನ್ನ ರೆಕಾರ್ಡಿಂಗ್ ಆರಂಭವಾಗುವುದೂ ಆಗಲೇ. ಬಟ್ಟೆಯ ಕಪಾಟಿನ ಬಾಗಿಲಿಗೆ ಅವ್ವನ ಎರಡು ಕೌದಿ ಇಳಿಬಿಟ್ಟರೆ ಸ್ಟುಡಿಯೊ ಸಿದ್ಧ. ಕೆಲವು ವರ್ಷಗಳ ಹಿಂದೆ ಹೊರ ಊರಿನ ಸ್ಟುಡಿಯೊವೊಂದು ಮೊಬೈಲ್ ಗೇಮ್‌ನ ಸೇನಾಪತಿಯ ಪಾತ್ರಕ್ಕೆ ಕನ್ನಡದಲ್ಲಿ ದನಿ ಕೊಡಲು ಕೇಳಿತ್ತು. ‘ಗಂಟೆಗೆ 3,000’ ಎಂದು ಫೋನಿನಲ್ಲಿ ಹೇಳಿದರು, ನಾನು ಹೂಂ ಎಂದೆ. ನಾಲ್ಕು ರಾತ್ರಿ ಸೇರಿ ಹನ್ನೊಂದು ಗಂಟೆ ಮೈಕ್ ಮುಂದೆ ನಿಂತು 33,000 ರೂಪಾಯಿಯ ಬಿಲ್ ಕಳಿಸಿದೆ. ಖಾತೆಗೆ ಬಂದದ್ದು 3,000. ವಿಚಾರಿಸಿದಾಗ ಅವರ ಗಂಟೆ ಬೇರೆಯೇ ಎಂದು ತಿಳಿಯಿತು: ಕತ್ತರಿಸಿ ಜೋಡಿಸಿದ ಮೇಲೆ ಉಳಿದ ಧ್ವನಿ 52 ನಿಮಿಷದ್ದಾಗಿತ್ತು, ಅದನ್ನು ಉದಾರವಾಗಿ ಒಂದು ಗಂಟೆ ಎಂದು ಹಿಡಿದಿದ್ದರು.

ನಮ್ಮ ಕಡೆ ರಾಶಿಯ ಕಾಳು ಅಳೆಯುವ ಮೊದಲು ಸೇರು ಯಾರದೆಂದು ನೋಡಿಕೊಳ್ಳುತ್ತಿದ್ದರು. ನಾನು ದರವನ್ನಷ್ಟೇ ಕೇಳಿದ್ದೆ, ಸೇರನ್ನು ನೋಡಿರಲಿಲ್ಲ. ಆಮೇಲೆ ನನ್ನ ಮತ್ತು ಗೆಳೆಯರ ಹಲವು ತಕರಾರುಗಳನ್ನು ಹತ್ತಿರದಿಂದ ಕಂಡಿದ್ದೇನೆ. ಹಣದ ಜಗಳವೆಂದು ಕಾಣುವುದರಲ್ಲಿ ಬಹುಪಾಲು ಅಳತೆಯ ಜಗಳವೇ ಆಗಿರುತ್ತದೆ. ಆದ್ದರಿಂದ ಈ ಬರಹದ ಹೆಚ್ಚಿನ ಭಾಗ ರೆಕಾರ್ಡಿಂಗ್‌ಗೆ ಮುಂಚೆ ಮಾಡಬೇಕಾದ ಕೆಲಸವನ್ನು ಕುರಿತದ್ದು. ದುಡ್ಡು ನಿಂತ ಮೇಲೆ ಹಿಡಿಯುವ ದಾರಿಗಳೂ ಇವೆ, ಆದರೆ ಮುಂಚಿನ ಕಾಗದ ಇಲ್ಲದಿದ್ದರೆ ಆ ದಾರಿಯಲ್ಲಿ ನಡಿಗೆ ಬಲು ಭಾರ.

ಅಳತೆ

ಗೇಮ್‌ನ ಕೆಲಸ ಸಿನಿಮಾ ಡಬ್ಬಿಂಗ್‌ನಂತಲ್ಲ. ನಿಮ್ಮ ಕೈಗೆ ಬರುವುದು ಕತೆಯಲ್ಲ, ಒಂದು ಎಕ್ಸೆಲ್ ಹಾಳೆ. ಸಾಲಿಗೊಂದು ಮಾತು, ಮಾತಿಗೊಂದು ಕಡತದ ಹೆಸರು. ‘ಶತ್ರು ಬಂದ’ ಎಂಬ ಒಂದೇ ಮಾತನ್ನು ಐದು ಬಗೆಯಲ್ಲಿ ಹೇಳಬೇಕು, ಏಕೆಂದರೆ ಆಟಗಾರ ಅದನ್ನು ನೂರು ಸಲ ಕೇಳುತ್ತಾನೆ. ಇದಲ್ಲದೆ ಎಫರ್ಟ್ ಎಂದು ಕರೆಯುವ ಭಾಗವಿದೆ: ಏಟು ತಿಂದ ನರಳಿಕೆ, ಬೆಂಕಿಯಲ್ಲಿ ಬಿದ್ದ ಚೀರಾಟ, ಮೇಲಿನಿಂದ ಬೀಳುವಾಗಿನ ಕೂಗು. ಹಾಳೆಯಲ್ಲಿ ಇವೆಲ್ಲ ಸೇರಿ ಹತ್ತು ಸಾಲೂ ಆಗುವುದಿಲ್ಲ, ಆದರೆ ಮರುದಿನ ಗಂಟಲು ಬಿಡುವುದೇ ಇಲ್ಲ. ಸಾಲಿನ ಲೆಕ್ಕದಲ್ಲಿ ಒಪ್ಪಿಕೊಂಡವನಿಗೆ ಎಫರ್ಟ್ ನಷ್ಟ. ಸಿದ್ಧ ಧ್ವನಿಯ ನಿಮಿಷದ ಲೆಕ್ಕದಲ್ಲಿ ಒಪ್ಪಿಕೊಂಡವನಿಗೆ ಎಲ್ಲವೂ ನಷ್ಟ. ನನ್ನ ಅಭಿಪ್ರಾಯದಲ್ಲಿ ಹೊಸಬರು ಮೈಕ್ ಮುಂದಿನ ಗಂಟೆಯ ಲೆಕ್ಕವನ್ನೇ ಕೇಳಬೇಕು, ಒಂದು ದಿನಕ್ಕೆ ಕನಿಷ್ಠ ಎರಡು ಗಂಟೆಯ ಹಣವೆಂದು ಹೇಳಬೇಕು, ಚೀರಾಟದ ಭಾಗವನ್ನು ಪ್ರತ್ಯೇಕ ದಿನಕ್ಕೆ, ಪ್ರತ್ಯೇಕ ದರಕ್ಕೆ ಇಟ್ಟುಕೊಳ್ಳಬೇಕು.

ರೀಟೇಕ್ ಎಂಬ ಪದವನ್ನೂ ಬಿಡಿಸಿ ಬರೆಯಬೇಕು. ನೀವು ಉಚ್ಚಾರ ತಪ್ಪಿದ್ದಕ್ಕೆ ಮತ್ತೆ ಹೇಳುವುದು ನಿಮ್ಮ ಹೊಣೆ. ಗೇಮ್ ಬರೆದವರು ಮೂರು ತಿಂಗಳ ಮೇಲೆ ಮಾತನ್ನೇ ಬದಲಿಸಿದರೆ ಅದು ಹೊಸ ಕೆಲಸ, ಅದನ್ನು ‘ಸಣ್ಣ ತಿದ್ದುಪಡಿ’ ಎಂದು ಕರೆದರೂ ಹೊಸ ಕೆಲಸವೇ. ಬೆಳಗಾವಿಯವರಿಗೆ ಇನ್ನೊಂದು ಬಲೆ ಇದೆ. ನಾವು ಕನ್ನಡದಷ್ಟೇ ಸಲೀಸಾಗಿ ಮರಾಠಿಯನ್ನೂ ಹಿಂದಿಯನ್ನೂ ಆಡುತ್ತೇವೆಂದು ಗೊತ್ತಾದ ಕೂಡಲೇ ‘ಹೇಗೂ ಬಂದಿದ್ದೀರಿ, ಅದನ್ನೂ ಒಂದು ಸಲ ಓದಿಬಿಡಿ’ ಎನ್ನುತ್ತಾರೆ. ಪ್ರತಿ ಭಾಷೆಯೂ ಒಂದು ಪ್ರತ್ಯೇಕ ಕೆಲಸ, ಪ್ರತ್ಯೇಕ ಬಿಲ್.

ಕನ್ನಡದಲ್ಲಿ ಇಷ್ಟೆಲ್ಲ ಗೊಂದಲಕ್ಕೆ ಕಾರಣವೂ ಇದೆ. ಪರಭಾಷೆಯ ಸಿನಿಮಾಗಳ ಕನ್ನಡ ಡಬ್ಬಿಂಗ್ ನಮ್ಮಲ್ಲಿ ದಶಕಗಳ ಕಾಲ ಅಘೋಷಿತವಾಗಿ ನಿಂತಿತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆ ನಿರ್ಬಂಧದ ವಿರುದ್ಧ ಆದೇಶ ಕೊಟ್ಟ ಮೇಲೆ ದಾರಿ ನಿಧಾನವಾಗಿ ತೆರೆಯಿತು. ಆ ನಿರ್ಬಂಧ ಸರಿಯೋ ತಪ್ಪೋ ಎಂಬ ಚರ್ಚೆ ಇಲ್ಲಿ ಬೇಡ. ಅದರಿಂದಾದ ಪರಿಣಾಮವೆಂದರೆ ದನಿಯ ಕೆಲಸಕ್ಕೆ ಎಲ್ಲರೂ ಒಪ್ಪಿದ ದರ, ಪಾಳಿ, ವಿರಾಮದ ರೂಢಿ ಕನ್ನಡದಲ್ಲಿ ಬೇರೂರಲಿಲ್ಲ. ಅಮೆರಿಕದಲ್ಲಿ ಆ ರೂಢಿ ಕಲಾವಿದರ ಒಕ್ಕೂಟವಾದ ಸ್ಯಾಗ್-ಆಫ್ಟ್ರಾದ ಒಪ್ಪಂದದಲ್ಲಿಯೇ ಇದೆ: 2016ರ ಹೊತ್ತಿಗೆ ನಾಲ್ಕು ಗಂಟೆಯ ಒಂದು ಸೆಷನ್‌ಗೆ ಕನಿಷ್ಠ 825.50 ಡಾಲರ್. ಅಲ್ಲಿ ಸೇರು ಒಕ್ಕೂಟದ್ದು, ಇಲ್ಲಿ ಪ್ರತಿಯೊಬ್ಬನೂ ತನ್ನ ಸೇರನ್ನು ತಾನೇ ಹೊತ್ತು ಹೋಗಬೇಕು.

ಏನನ್ನು ಮಾರುತ್ತಿದ್ದೀರಿ

ಅಳತೆಯಾದ ಮೇಲಿನ ಪ್ರಶ್ನೆ, ಆ ದನಿ ಎಲ್ಲೆಲ್ಲಿ, ಎಷ್ಟು ಕಾಲ ಬಳಕೆಯಾಗುತ್ತದೆ ಎಂಬುದು. 2008ರಲ್ಲಿ ಬಂದ ‘ಗ್ರ್ಯಾಂಡ್ ಥೆಫ್ಟ್ ಆಟೊ 4’ ಮೊದಲ ವಾರದಲ್ಲಿಯೇ 50 ಕೋಟಿ ಡಾಲರ್‌ಗೂ ಹೆಚ್ಚು ವಹಿವಾಟು ಮಾಡಿತು. ಅದರ ನಾಯಕನ ಪಾತ್ರಕ್ಕೆ ದನಿಯನ್ನೂ ಚಲನವಲನವನ್ನೂ ಕೊಟ್ಟ ಮೈಕಲ್ ಹಾಲಿಕ್‌ಗೆ ಸುಮಾರು ಹದಿನೈದು ತಿಂಗಳ ಕೆಲಸಕ್ಕೆ ಸಿಕ್ಕಿದ್ದು ಹೆಚ್ಚುಕಡಿಮೆ ಒಂದು ಲಕ್ಷ ಡಾಲರ್, ಮಾರಾಟದಲ್ಲಿ ಪಾಲಿಲ್ಲ. ಒಪ್ಪಂದ ಮುರಿದಿರಲಿಲ್ಲ, ಒಪ್ಪಂದದಲ್ಲಿಯೇ ಪಾಲು ಇರಲಿಲ್ಲ. ಇದೇ ಬಗೆಯ ಅಸಮಾಧಾನ ಕೂಡುತ್ತ ಹೋಗಿ 2016ರ ಅಕ್ಟೋಬರ್ 21ರಂದು ಅಲ್ಲಿನ ದನಿ ಕಲಾವಿದರು ಮುಷ್ಕರ ಹೂಡಿದರು. ಅದು ಹನ್ನೊಂದು ತಿಂಗಳು ನಡೆಯಿತು. ಮಾರಾಟದ ಪಾಲು ಸಿಗಲಿಲ್ಲ. ಬದಲಿಗೆ ಸೆಷನ್‌ಗಳ ಸಂಖ್ಯೆ ಏರಿದಂತೆ ಏರುವ ಹೆಚ್ಚುವರಿ ಹಣ ಸಿಕ್ಕಿತು: ಮೊದಲ ಸೆಷನ್‌ಗೆ 75 ಡಾಲರ್, ಹತ್ತು ಸೆಷನ್ ಮುಗಿದರೆ ಒಟ್ಟು 2,100 ಡಾಲರ್. ನಮ್ಮಂಥವರು ಎರವಲು ತರಬಹುದಾದ ಮಾದರಿ ಇದು. ಕನ್ನಡ ಆವೃತ್ತಿಯ ಗಳಿಕೆಯಲ್ಲಿ ಪಾಲು ಕೇಳಿದರೆ ಯಾರೂ ಕೊಡುವುದಿಲ್ಲ. ಐದನೆಯ ಸೆಷನ್‌ನಿಂದ ದರ ಇಷ್ಟು ಏರಲಿ ಎಂದರೆ ಕೆಲವರು ಒಪ್ಪುತ್ತಾರೆ.

ನಮ್ಮ ಕಾಯ್ದೆ ಈ ವಿಷಯದಲ್ಲಿ ಅಷ್ಟು ಬಡವಾಗಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿ ಪ್ರದರ್ಶನ ಕಲಾವಿದರ ಹಕ್ಕುಗಳನ್ನು ವಿಸ್ತರಿಸಿತು, ಮತ್ತು ಹಕ್ಕು ವರ್ಗಾವಣೆಯ 18 ಹಾಗೂ 19ನೆಯ ಕಲಮುಗಳು 39ಎ ಮೂಲಕ ನಮಗೂ ಅನ್ವಯಿಸುತ್ತವೆ. ಅದರಂತೆ ವರ್ಗಾವಣೆ ಬರಹದಲ್ಲಿ, ಸಹಿಯೊಂದಿಗೆ ಇರಬೇಕು. ಅವಧಿ ಬರೆಯದಿದ್ದರೆ ಐದು ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದು ಅರ್ಥ. ಒಪ್ಪಂದದ ಹೊತ್ತಿಗೆ ಇಲ್ಲದ ಅಥವಾ ವಾಣಿಜ್ಯ ಬಳಕೆಯಲ್ಲಿರದ ಮಾಧ್ಯಮಕ್ಕೆ, ಅದನ್ನು ಹೆಸರಿಸಿ ಬರೆದಿದ್ದರೆ ಹೊರತು, ವರ್ಗಾವಣೆ ಹಬ್ಬುವುದಿಲ್ಲ. ಕಂಪನಿಗಳ ಕರಡಿನಲ್ಲಿ ‘ಶಾಶ್ವತವಾಗಿ, ಜಗತ್ತಿನಾದ್ಯಂತ, ಇಂದಿನ ಮತ್ತು ಮುಂದಿನ ಎಲ್ಲ ಮಾಧ್ಯಮಗಳಲ್ಲಿ’ ಎಂಬ ಸಾಲು ಕಂಡರೆ, ಕಾಯ್ದೆ ತಾನಾಗಿ ಕೊಟ್ಟಿದ್ದನ್ನು ಆ ಸಾಲು ಹಿಂದಕ್ಕೆ ಪಡೆಯುತ್ತಿದೆ ಎಂದು ತಿಳಿಯಿರಿ. ಅದನ್ನು ಹೊಡೆದುಹಾಕಲು ಕೇಳಿ, ಇಲ್ಲವೆ ಅದಕ್ಕೆ ಬೆಲೆ ಕೇಳಿ. ಒಂದು ಎಚ್ಚರವೂ ಅಗತ್ಯ: ಈ ಕಾಯ್ದೆಯಲ್ಲಿ ವಿಡಿಯೋ ಗೇಮ್‌ಗೆ ಪ್ರತ್ಯೇಕ ವ್ಯಾಖ್ಯೆ ಇಲ್ಲ, ಆದ್ದರಿಂದ ಎದುರಾಳಿ ವಕೀಲರು ಅದನ್ನು ತಮಗೆ ಬೇಕಾದಾಗ ಸಿನಿಮಾ ಎಂದೂ ಬೇಡವಾದಾಗ ಸಾಫ್ಟ್‌ವೇರ್ ಎಂದೂ ವಾದಿಸಬಹುದು. ಕಾಯ್ದೆಯನ್ನೇ ನೆಚ್ಚಿ ಕೂರದೆ ಒಪ್ಪಂದದಲ್ಲಿ ಬರೆಸುವುದು ಲೇಸು.

ಕ್ರೆಡಿಟ್ ಪಟ್ಟಿಯಲ್ಲಿ ಹೆಸರು ಬೇಕೆಂಬುದು ಬರಿಯ ಮೆರೆಯುವ ಆಸೆಯಲ್ಲ. ಸಿನಿಮಾದಲ್ಲಿ ಪ್ರಾಸಂಗಿಕವಾಗಿ ಬಂದುಹೋಗುವ, ರೂಢಿಯಂತೆ ಕ್ರೆಡಿಟ್‌ನಲ್ಲಿಯೂ ಹೆಸರಿಲ್ಲದ ವ್ಯಕ್ತಿಯನ್ನು ಕಾಯ್ದೆ ಬಹುಮಟ್ಟಿಗೆ ಪ್ರದರ್ಶನ ಕಲಾವಿದನ ಲೆಕ್ಕದಿಂದ ಹೊರಗಿಡುತ್ತದೆ. ಹೆಸರು ಕಾಣಿಸಿಕೊಳ್ಳುವುದು ನಾಳೆಯ ಸಾಕ್ಷಿ.

ಇನ್ನು ಕೃತಕ ಬುದ್ಧಿಮತ್ತೆ. ಅಮೆರಿಕದ ಗೇಮ್ ಕಲಾವಿದರು 2024ರ ಜುಲೈ 26ರಂದು ಮತ್ತೆ ಮುಷ್ಕರಕ್ಕೆ ಇಳಿದದ್ದು ಮುಖ್ಯವಾಗಿ ಇದಕ್ಕೇ. 2025ರ ಜುಲೈನಲ್ಲಿ ಅಂಗೀಕೃತವಾದ ಒಪ್ಪಂದದಲ್ಲಿ ದನಿಯ ಡಿಜಿಟಲ್ ನಕಲು ಮಾಡಲು ಕಲಾವಿದನ ಒಪ್ಪಿಗೆ ಬೇಕೆಂಬ ಷರತ್ತೂ, ಶೇ. 15.17ರ ತಕ್ಷಣದ ಏರಿಕೆಯೂ ಸೇರಿದವು. ನಮ್ಮಲ್ಲಿ ಗಾಯಕ ಅರಿಜಿತ್ ಸಿಂಗ್ ಅವರ ದನಿಯನ್ನು ಎಐ ಉಪಕರಣಗಳಿಂದ ನಕಲು ಮಾಡುವುದರ ವಿರುದ್ಧ ಬಾಂಬೆ ಹೈಕೋರ್ಟ್ 2024ರ ಜುಲೈನಲ್ಲಿ ಮಧ್ಯಂತರ ರಕ್ಷಣೆ ಕೊಟ್ಟಿದೆ. ಆದರೆ ಅದು ನಾಡಿಗೆಲ್ಲ ಗೊತ್ತಿರುವ ದನಿ. ಬಾಗಲಕೋಟೆಯ ಹುಡುಗಿಯೊಬ್ಬಳ ದನಿಯನ್ನು ಯಂತ್ರ ಕಲಿತುಕೊಂಡರೆ ಅದು ಅವಳದೇ ಎಂದು ಸಾಧಿಸುವಷ್ಟರಲ್ಲಿ ಸಾಕುಸಾಕಾಗುತ್ತದೆ. ಹಾಗಾಗಿ ‘ಎಐ ತರಬೇತಿಗೆ ಬಳಸುವಂತಿಲ್ಲ’ ಎಂಬ ಒಂದು ಸಾಲು ಇಲ್ಲದ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಈ ಒಂದು ವಿಷಯದಲ್ಲಿ ಕೆಲಸ ತಪ್ಪಿಹೋದರೂ ಹೋಗಲಿ ಎಂಬ ಪಕ್ಷ ನನ್ನದು.

ರೆಕಾರ್ಡಿಂಗ್‌ನ ಹಿಂದಿನ ದಿನ

ಎರಡು ಕೆಲಸ. ಒಂದು, ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮವೆಂದು ಸರ್ಕಾರದಲ್ಲಿ ಹೆಸರು ದಾಖಲಿಸುವುದು; ಹಣ ನಿಂತಾಗ ಹಿಡಿಯುವ, ಮುಂದೆ ಹೇಳುವ ಕಾಯ್ದೆಯ ಬಲ ಇದರಿಂದಲೇ. ಇದು ಆಧಾರ್ ಮತ್ತು ಪ್ಯಾನ್ ಇದ್ದರೆ ಸರ್ಕಾರದ ಪೋರ್ಟಲ್‌ನಲ್ಲಿ ಉಚಿತವಾಗಿ ಆಗುತ್ತದೆ. ಮಧ್ಯವರ್ತಿಗೆ ಹಣ ಕೊಡಬೇಕಾಗಿಲ್ಲ. ದನಿಯ ಕೆಲಸವನ್ನು ಸೇವೆಯಾಗಿ ಮಾರುವ ಒಬ್ಬನೇ ಮನುಷ್ಯನೂ ಅತಿಸಣ್ಣ ಉದ್ಯಮವೇ. ತಕರಾರು ಹುಟ್ಟಿದ ಮೇಲೆ ನೋಂದಾಯಿಸಿದರೆ ಹಳೆಯ ಬಾಕಿಗೆ ಇದರ ಬಲ ಸಿಗುವುದು ಕಷ್ಟ, ಆದ್ದರಿಂದ ಕೆಲಸ ಒಪ್ಪಿಕೊಳ್ಳುವ ಮುಂಚೆಯೇ ಮಾಡಿಟ್ಟುಕೊಳ್ಳಿ.

ಎರಡು, ಫೋನಿನ ಮಾತನ್ನು ಇಮೇಲ್‌ಗೆ ಇಳಿಸುವುದು. ನಾನು ಈಗ ಕಳಿಸುವ ಪತ್ರ ಹೀಗಿರುತ್ತದೆ:

‘ನಿನ್ನೆ ಮಾತನಾಡಿದಂತೆ ಸೇನಾಪತಿಯ ಪಾತ್ರದ 640 ಸಾಲುಗಳಿಗೆ ಕನ್ನಡದಲ್ಲಿ ದನಿ ಕೊಡಲು ಒಪ್ಪಿದ್ದೇನೆ. ಸಂಭಾವನೆ ಗಂಟೆಗೆ ಇಷ್ಟು ರೂಪಾಯಿ. ಗಂಟೆ ಎಂದರೆ ನಾನು ಮೈಕ್ ಮುಂದೆ ಇರುವ ಸಮಯ, ಸಿದ್ಧಗೊಂಡ ಧ್ವನಿಯ ಉದ್ದವಲ್ಲ. ನನ್ನ ತಪ್ಪಿನಿಂದಾದ ರೀಟೇಕ್‌ಗೆ ಹಣವಿಲ್ಲ. ಬರಹ ಬದಲಾದರೆ ಹೊಸ ಕೆಲಸವೆಂದು ಲೆಕ್ಕ. ಈ ಧ್ವನಿಯನ್ನು ಈ ಒಂದು ಗೇಮ್‌ಗೆ ಮತ್ತು ಅದರ ಪ್ರಚಾರಕ್ಕೆ ಬಳಸಬಹುದು. ಎಐ ತರಬೇತಿಗಾಗಲಿ ದನಿಯ ನಕಲಿಗಾಗಲಿ ಬಳಸುವಂತಿಲ್ಲ. ಬಿಲ್ ತಲುಪಿದ 30 ದಿನದೊಳಗೆ ಪಾವತಿ. ವ್ಯತ್ಯಾಸವಿದ್ದರೆ ರೆಕಾರ್ಡಿಂಗ್‌ಗೆ ಮುಂಚೆ ತಿಳಿಸಿ.’

‘ಸರಿ’ ಎಂಬ ಒಂದು ಪದದ ಉತ್ತರ ಬರುವ ತನಕ ಕೌದಿ ಇಳಿಬಿಡುವುದಿಲ್ಲ. ನಮ್ಮ ಹಳ್ಳಿಯ ಜಾತ್ರೆಯ ನಾಟಕಕ್ಕೆ ಪಾತ್ರ ಮಾಡಲು ಬರುತ್ತಿದ್ದ ನಟಿಯರು ಬಾಕಿ ಹಣ ಕೈಗೆ ಬೀಳದೆ ಮುಖಕ್ಕೆ ಬಣ್ಣ ಹಚ್ಚುತ್ತಿರಲಿಲ್ಲ. ಪೇಟಿ ಮಾಸ್ತರ ಸ್ವರ ಹಿಡಿದು ಕೂತಿದ್ದರೂ, ಜನ ಸಿಳ್ಳೆ ಹಾಕುತ್ತಿದ್ದರೂ ಅವರು ಜಗ್ಗುತ್ತಿರಲಿಲ್ಲ. ಹುಡುಗನಾಗಿದ್ದಾಗ ಅದು ಜಿಗುಟುತನವೆಂದು ತೋರಿತ್ತು. ಅವರದ್ದೇ ಸರಿಯಾದ ವ್ಯವಹಾರ.

ಪತ್ರದಲ್ಲಿ ಎದುರಿನವರ ಪೂರ್ಣ ಹೆಸರು, ಜಿಎಸ್‌ಟಿ ಸಂಖ್ಯೆ ಇರಲಿ. ಗೇಮ್‌ನ ಒಡೆಯರು ಒಬ್ಬರು, ಅದನ್ನು ನಮ್ಮ ಭಾಷೆಗೆ ತರುವ ಸ್ಥಳೀಕರಣದ ಗುತ್ತಿಗೆ ಹಿಡಿದವರು ಇನ್ನೊಬ್ಬರು, ನಿಮಗೆ ಫೋನ್ ಮಾಡಿದ ಸಂಯೋಜಕ ಮೂರನೆಯವನು. ಹಣ ಕೊಡಬೇಕಾದವರು ಯಾರ ಹೆಸರಿನಲ್ಲಿ ಬಿಲ್ ಆಗುತ್ತದೆಯೋ ಅವರು. ಸಂಯೋಜಕ ‘ಮೇಲಿನಿಂದ ಬಂದಿಲ್ಲ’ ಎಂದು ತಿಂಗಳುಗಟ್ಟಲೆ ಹೇಳುವುದು ಈ ಗೊಂದಲದ ನೆರಳಿನಲ್ಲಿಯೇ. ಮತ್ತು ಪ್ರತಿ ಸೆಷನ್‌ನ ಕೊನೆಗೆ ಆರಂಭದ ಹಾಗೂ ಮುಗಿದ ಸಮಯವನ್ನು ಅದೇ ಇಮೇಲ್ ಸರಣಿಯಲ್ಲಿ ಬರೆದು ಕಳಿಸಿ; ಕತ್ತರಿಸದ ಮೂಲ ಧ್ವನಿಕಡತವನ್ನು ಅಳಿಸಬೇಡಿ, ಅದರ ಉದ್ದವೇ ನಿಮ್ಮ ಗಂಟೆಯ ಸಾಕ್ಷಿ.

ಹಣ ನಿಂತಾಗ

ಕೆಲಸ ತಲುಪಿಸಿದ ದಿನವೇ ಬಿಲ್ ಕಳಿಸಿ. ಆ ದಿನದಿಂದ ಹದಿನೈದು ದಿನ ಸುಮ್ಮನೆ ಎಣಿಸಿ. 2006ರ ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯ್ದೆಯ ಪ್ರಕಾರ ಸೇವೆ ಪಡೆದವರು ಹದಿನೈದು ದಿನದೊಳಗೆ ಬರಹದಲ್ಲಿ ಆಕ್ಷೇಪ ಎತ್ತದಿದ್ದರೆ ಅದನ್ನು ಸ್ವೀಕರಿಸಿದಂತೆಯೇ. ಎರಡು ತಿಂಗಳ ಮೇಲೆ ‘ದನಿಯ ಗುಣಮಟ್ಟ ಸರಿಯಿರಲಿಲ್ಲ’ ಎಂಬ ಮಾತು ಬಂದರೆ, ಆಕ್ಷೇಪದ ದಿನಾಂಕ ಯಾವುದು ಎಂದು ಒಂದೇ ಪ್ರಶ್ನೆ ಕೇಳಿ. ಪಾವತಿಗೆ ಅವಧಿ ಬರೆದಿದ್ದರೆ ಅದು ಹೇಗೂ 45 ದಿನ ಮೀರುವಂತಿಲ್ಲ, ಒಪ್ಪಂದದಲ್ಲಿ 90 ದಿನವೆಂದು ಬರೆಸಿಕೊಂಡಿದ್ದರೂ ಸಹ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ತಿಂಗಳಿಗೊಮ್ಮೆ ಚಕ್ರವಾಗಿ ಏರುತ್ತದೆ. ಆ ದರ ಶೇ. 6 ಎಂದಿಟ್ಟುಕೊಂಡರೆ ವರ್ಷಕ್ಕೆ ಶೇ. 18, 40,000 ರೂಪಾಯಿ ಬಾಕಿಗೆ ಮೊದಲ ತಿಂಗಳು 600, ಎರಡನೆಯ ತಿಂಗಳು 609. ಮೊತ್ತ ಸಣ್ಣದು, ಆದರೆ ನೆನಪೋಲೆಯಲ್ಲಿ ಈ ಲೆಕ್ಕವನ್ನು ಬಿಡಿಸಿ ಬರೆದಾಗ ಅದನ್ನು ಓದುವವರು ಸಂಯೋಜಕರಲ್ಲ, ಲೆಕ್ಕಪತ್ರ ವಿಭಾಗದವರು. ಅವರಿಗೆ ಅರ್ಥವಾಗುವ ಭಾಷೆ ಅದೇ.

ಮೊದಲ ನೆನಪೋಲೆ ಸೌಮ್ಯವಾಗಿರಲಿ, ಎರಡನೆಯದರಲ್ಲಿ ಬಡ್ಡಿಯ ಲೆಕ್ಕವೂ ಕೊನೆಯ ದಿನಾಂಕವೂ ಇರಲಿ, ಮೂರನೆಯದು ಕಂಪನಿಯ ನೋಂದಾಯಿತ ವಿಳಾಸಕ್ಕೆ ಸ್ಪೀಡ್ ಪೋಸ್ಟ್‌ನಲ್ಲಿ ಹೋಗಲಿ. ಸಿಟ್ಟಿನ ವಾಟ್ಸ್‌ಆ್ಯಪ್ ಧ್ವನಿಸಂದೇಶ ಬೇಡ. ಬೈಗುಳದ ನಂತರ ನಿಮ್ಮ ಬಿಲ್ ಹಿಂದೆ ಬಿದ್ದು ಬೈಗುಳವೇ ವಿಷಯವಾಗುತ್ತದೆ.

ಮುಂದಿನ ಹೆಜ್ಜೆ ಅತಿಸಣ್ಣ ಮತ್ತು ಸಣ್ಣ ಉದ್ಯಮಗಳ ಸೌಲಭ್ಯ ಮಂಡಳಿ. ಅರ್ಜಿಯನ್ನು ಆನ್‌ಲೈನ್‌ನಲ್ಲಿಯೇ ಹಾಕಬಹುದು. ತಡಕಾಡುವ ಬೆಳಗಾವಿಯವರು ಇಲ್ಲಿನ ಉದ್ಯಮಬಾಗದಲ್ಲಿರುವ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಕೇಳಿಕೊಳ್ಳಿ. ದೂರದ ಊರಿನ ಕಲಾವಿದರಿಗೆ ಈ ದಾರಿಯ ದೊಡ್ಡ ಗುಣವೆಂದರೆ ಸೇವೆ ಕೊಟ್ಟವನು ಇರುವ ಕಡೆಯ ಮಂಡಳಿಗೇ ಅಧಿಕಾರ, ಹಣ ಕೊಡಬೇಕಾದವರು ಭಾರತದ ಯಾವ ಮೂಲೆಯಲ್ಲಿದ್ದರೂ ಸರಿ. ‘ಮುಂಬೈ ನ್ಯಾಯಾಲಯಗಳಿಗೆ ಮಾತ್ರ ಒಳಪಟ್ಟಿದೆ’ ಎಂಬ ಸಾಲಿಗೆ ಹೆದರಿ ವಿಜಯಪುರದಿಂದ ರೈಲು ಹತ್ತಬೇಕಾಗಿಲ್ಲ. ಒಪ್ಪಂದದಲ್ಲಿ ಖಾಸಗಿ ಮಧ್ಯಸ್ಥಿಕೆಯ ಷರತ್ತಿದ್ದರೂ ಮಂಡಳಿಯ ದಾರಿ ಮುಚ್ಚುವುದಿಲ್ಲವೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಆದೇಶವನ್ನು ಪ್ರಶ್ನಿಸಲು ಹೋಗುವ ಕಂಪನಿ ಮೊದಲು ಶೇ. 75ರಷ್ಟು ಹಣವನ್ನು ಠೇವಣಿ ಇಡಬೇಕು. ಕಾಯ್ದೆ 90 ದಿನಗಳ ಗಡುವು ಹೇಳುತ್ತದೆ, ಕಡತ ಆ ವೇಗದಲ್ಲಿ ಓಡುತ್ತದೆಂದು ನಂಬಿ ಕೂರಬೇಡಿ. ಬಹಳ ಸಲ ಮಂಡಳಿಯ ನೋಟಿಸ್ ತಲುಪಿದ ಮೇಲೆಯೇ ಕಂಪನಿಗೆ ನಿಮ್ಮ ಬಿಲ್ ನೆನಪಾಗುತ್ತದೆ. ಕಂಪನಿ ಹೊರದೇಶದ್ದಾದರೆ ಈ ದಾರಿ ಕೈಕೊಡುತ್ತದೆ. ಅಂಥ ಕೆಲಸಕ್ಕೆ ಅರ್ಧ ಹಣ ಮುಂಗಡ, ಉಳಿದರ್ಧ ಕೊನೆಯ ಕಡತಗಳಿಗೆ ಮುಂಚೆ ಎಂಬುದೊಂದೇ ಉಪಾಯ.

ಉದ್ಯಮ್ ನೋಂದಣಿ ಇಲ್ಲದವರಿಗೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವಿದೆ, ಪ್ರತಿ ಜಿಲ್ಲೆಯಲ್ಲಿಯೂ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರ ನೆರವು ಸಿಗುತ್ತದೆ, ಸಹಾಯವಾಣಿ 15100. ದಾವೆ ಹೂಡುವ ಮುಂಚೆಯೇ ಲೋಕ ಅದಾಲತ್‌ಗೆ ಅರ್ಜಿ ಕೊಡಬಹುದು, ಶುಲ್ಕವಿಲ್ಲ. ಆದರೆ ಅಲ್ಲಿನ ರಾಜಿಗೆ ಮೇಲ್ಮನವಿ ಇಲ್ಲ, ಆದ್ದರಿಂದ ಎದುರಿನವರು ಅರ್ಧಕ್ಕೆ ಮುಗಿಸೋಣ ಎಂದಾಗ ಆತುರದ ಸಹಿ ಬೇಡ. ಸಿವಿಲ್ ದಾವೆಗೆ ಮೂರು ವರ್ಷದ ಕಾಲಮಿತಿ ಇದೆ. ‘ಮುಂದಿನ ಪ್ರಾಜೆಕ್ಟ್‌ನಲ್ಲಿ ಹೊಂದಿಸೋಣ’ ಎಂಬ ಮಾತಿಗೆ ಆ ಮೂರು ವರ್ಷವನ್ನು ಕಳೆದುಕೊಂಡ ಗೆಳೆಯರು ನನಗಿದ್ದಾರೆ. ಇಮೇಲ್, ಚಾಟ್, ಧ್ವನಿಕಡತಗಳನ್ನು ನ್ಯಾಯಾಲಯಕ್ಕೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಮಾಣಪತ್ರ ಬೇಕು. ಅದನ್ನು ಸಿದ್ಧಪಡಿಸಲು ವಕೀಲರು ನೆರವಾಗುತ್ತಾರೆ, ಮೂಲ ಫೋನನ್ನು ಮಾತ್ರ ನೀವು ಮಾರಿರಬಾರದು.

ಬಹಿರಂಗವಾಗಿ ಹೇಳುವ ಮುನ್ನ

ಗೇಮ್‌ನ ಕೆಲಸದಲ್ಲಿ ಗೋಪ್ಯತೆಯ ಕರಾರು ಇದ್ದೇ ಇರುತ್ತದೆ. ಬಿಡುಗಡೆಯಾಗದ ಗೇಮ್‌ನ ಹೆಸರನ್ನು ದೂರಿನ ಜೊತೆ ಹೊರಹಾಕಿದರೆ ಬಾಕಿ ಕೇಳುತ್ತಿದ್ದವರೇ ಪರಿಹಾರ ಕೊಡಬೇಕಾದ ಸ್ಥಿತಿ ಬಂದೀತು. ಅಂಕಿಗಳನ್ನು ಅರ್ಧ ಹೇಳುವುದು ಇನ್ನೂ ಅಪಾಯ. 2022ರಲ್ಲಿ ‘ಬೇಯೊನೆಟ್ಟಾ’ ಗೇಮ್ ಸರಣಿಯ ನಾಯಕಿಗೆ ಮೊದಲು ದನಿ ಕೊಟ್ಟಿದ್ದ ನಟಿ, ‘ಬೇಯೊನೆಟ್ಟಾ 3’ರ ಇಡೀ ಕೆಲಸಕ್ಕೆ ತನಗೆ 4,000 ಡಾಲರ್ ಮಾತ್ರ ಕೊಡುವೆವೆಂದರು ಎಂದು ಹೇಳಿ ಬಹಿಷ್ಕಾರಕ್ಕೆ ಕರೆಕೊಟ್ಟರು. ಪ್ರತಿ ಸೆಷನ್‌ಗೆ 3,000ದಿಂದ 4,000 ಡಾಲರ್, ಕನಿಷ್ಠ ಐದು ಸೆಷನ್ ಎಂಬ ಪ್ರಸ್ತಾಪವಿತ್ತೆಂದು ಪತ್ರಿಕಾ ವರದಿಗಳು ಬಂದವು. ಆಮೇಲೆ ಅವರೇ 15,000 ಡಾಲರ್‌ನ ಪ್ರಸ್ತಾಪ ಬಂದಿತ್ತೆಂದು ಸ್ಪಷ್ಟಪಡಿಸಿದರು. ದರ ಕಡಿಮೆಯೆಂಬ ಅವರ ದೂರಿಗೆ ಹುರುಳಿದ್ದಿರಬಹುದು, ಆದರೆ ಆ ಹೊತ್ತಿಗೆ ಮಾತು ದರದಿಂದ ಅವರ ಸತ್ಯಸಂಧತೆಗೆ ಹೊರಳಿತ್ತು. ಹೇಳುವುದಾದರೆ ಒಟ್ಟು ಮೊತ್ತ, ಸೆಷನ್ ಸಂಖ್ಯೆ, ಗಂಟೆ, ತಾರೀಖು ನಾಲ್ಕನ್ನೂ ಒಟ್ಟಿಗೆ ಹೇಳಿ.

ಗೆಳೆಯರ ನಡುವೆ ದರ ಹೇಳಿಕೊಳ್ಳುವುದು ಬೇರೆ ಮಾತು. ಅದನ್ನು ಕರಾರು ತಡೆಯದಿದ್ದರೆ ಧಾರಾಳವಾಗಿ ಮಾಡಿ. ನಾವು ಏಳೆಂಟು ಜನ ತಿಂಗಳಿಗೊಮ್ಮೆ ಚನ್ನಮ್ಮ ವೃತ್ತದ ಬಳಿ ಚಹಾಕ್ಕೆ ಕೂಡುತ್ತೇವೆ. ಯಾರು ತಡ ಮಾಡುತ್ತಾರೆ, ಯಾರ ಗಂಟೆ ಎಷ್ಟು ನಿಮಿಷದ್ದು ಎಂಬುದು ಅಲ್ಲಿ ಒಂದು ವಹಿಯಲ್ಲಿ ದಾಖಲಾಗುತ್ತದೆ.

ರಾಜಿಯಾದಾಗ ಕಂಪನಿ ‘ಸಂಪೂರ್ಣ ಮತ್ತು ಅಂತಿಮ ಪಾವತಿ’ ಎಂಬ ಕಾಗದ ಕಳಿಸುತ್ತದೆ. ಹಣ ಖಾತೆಗೆ ಬಿದ್ದ ಮೇಲೆ ಮಾತ್ರ ಸಹಿ ಹಾಕಿ, ಮತ್ತು ಆ ಕಾಗದದೊಳಗೆ ಹೊಸದಾಗಿ ಹಕ್ಕುಬಿಡುಗಡೆಯ ಸಾಲೇನಾದರೂ ನುಸುಳಿದೆಯೇ ಎಂದು ಎರಡು ಸಲ ಓದಿ. ಬಂದ ಮೊತ್ತದಲ್ಲಿ ಟಿಡಿಎಸ್ (ಹಣ ಕೊಡುವವರೇ ಮೊದಲು ಹಿಡಿದುಕೊಳ್ಳುವ ಆದಾಯ ತೆರಿಗೆ) ಕಡಿತವಾಗಿದ್ದರೆ ಅದು ನಿಮ್ಮ ಆದಾಯ ತೆರಿಗೆ ಖಾತೆಯಲ್ಲಿ ನಿಮ್ಮ ಪ್ಯಾನ್ ಹೆಸರಿನಲ್ಲಿ ಜಮಾ ಆಗಿದೆಯೇ ಎಂದು ಮುಂದಿನ ತಿಂಗಳುಗಳಲ್ಲಿ ನೋಡಿಕೊಳ್ಳಿ. ನನ್ನ ಒಂದು ಬಿಲ್‌ನಲ್ಲಿ ಕಡಿತವಾದ 4,200 ರೂಪಾಯಿ ಅಲ್ಲಿ ಕಾಣದೆ, ಎಲ್ಲ ಮುಗಿಯಿತೆಂದುಕೊಂಡ ಮೇಲೂ ಮತ್ತೆ ಎರಡು ಪತ್ರ ಬರೆಯಬೇಕಾಯಿತು.